ಕಷ್ಟಕಾಲದ ಕಥೆಗಳಲ್ಲಿ ಕ್ರೈಸ್ತ ಶ್ರದ್ಧೆ



ಕೊಪ್ಪಳದ ಗವಿಮಠದ ಬೆಟ್ಟವನ್ನು ನೋಡಿದವರು ತಮ್ಮಲ್ಲಿ ಅನೇಕರಿರಬಹುದು. ಆ ಬೆಟ್ಟದ ಬಂಡೆಯೊಂದರ ಮೇಲೆ ಅಶೋಕ ಚಕ್ರವರ್ತಿಯ ಶಾಸನವಿರುವುದು 1931ರಲ್ಲಿ ಬೆಳಕಿಗೆ ಬಂದಿತು. ಸಮೀಪದ ಪಾಲ್ಕಿಗುಂಡಿನಲ್ಲಿಯೂ ಅದರ ಇನ್ನೊಂದು ಪ್ರತಿಯುಂಟು. ಆ ಶಾಸನದ ಮಾತುಗಳಲ್ಲಿ ಒಂದರ ಸಾರಾಂಶ ಹೀಗಿದೆ: ಮಹಾಫಲವು ದೊಡ್ಡವರ ಸೊತ್ತೆಂದು ತಿಳಿಯಬೇಡಿರಿ, ಸಣ್ಣವನಾದರೂ ಬಿಡದೆ ಪ್ರಯತ್ನಪಟ್ಟರೆ ಅದನ್ನು ಪಡೆಯಬಲ್ಲನು. ಸಾಮ್ರಾಜ್ಯವನ್ನಾಳಿದವನೊಬ್ಬನು ಸಣ್ಣವರ ಪ್ರಯತ್ನವನ್ನು ಕಲ್ಲಿನಲ್ಲಿ ಬರೆಯಿಸಿದನೆಂಬುದು ಸಣ್ಣ ಸಂಗತಿಯಲ್ಲ. ನಾವು ಇಂದು ಆಡಬೇಕೆಂದಿರುವ ಮಾತಿಗೆ ಆ ಬಂಡೆಯೇ ಪೀಠಿಕೆ.

ನಮ್ಮ ವಿಷಯವು ಕ್ರೈಸ್ತ ಧರ್ಮದ ಹಿನ್ನೆಲೆಯಲ್ಲಿ ಬರೆದ ಚಾರಿತ್ರಿಕ ಕಾದಂಬರಿಗಳನ್ನು ಕುರಿತದ್ದು. ಅವುಗಳಲ್ಲಿಯೂ ಕ್ಷಾಮ, ರೋಗ, ಸೆರೆ, ವಲಸೆ ಮೊದಲಾದ ಕೇಡುಗಾಲಗಳನ್ನು ವರ್ಣಿಸುವ ಕಾದಂಬರಿಗಳನ್ನು ಕುರಿತದ್ದು. ಕೇಳುತ್ತಿರುವವರಲ್ಲಿ ಹೆಚ್ಚಿನವರು ಕ್ರೈಸ್ತರಲ್ಲದಿರಬಹುದು. ಆದರೆ ಹಸಿವಿಗೆ ಮತಭೇದವಿಲ್ಲ. ಕಷ್ಟದಲ್ಲಿ ಮನುಷ್ಯನು ಯಾವುದನ್ನು ಹಿಡಿದುಕೊಂಡು ನಿಂತನೆಂಬ ಪ್ರಶ್ನೆಗೂ ಇಲ್ಲ. ಒಂದು ಕಥೆಯು ಶ್ರದ್ಧೆಯನ್ನು ಚಿತ್ರಿಸುವೆನೆಂದು ಹೊರಟಾಗ, ಅದು ದಿಟವನ್ನು ಹೇಳುತ್ತಿದೆಯೋ, ಸಮಾಧಾನಕ್ಕಾಗಿ ಸುಳ್ಳನ್ನು ಹೇಳುತ್ತಿದೆಯೋ, ನಾವು ಕಂಡುಕೊಳ್ಳುವುದು ಹೇಗೆ? ಇದಕ್ಕೆ ಒಂದು ಒರೆಗಲ್ಲು ಬೇಕು. ಅಂಥ ಒರೆಗಲ್ಲು ಕೊಪ್ಪಳದ ಸೀಮೆಯಲ್ಲಿಯೇ ದೊರೆಯುತ್ತದೆಂದು ನಮ್ಮ ನಂಬಿಕೆ.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ಈ ನಾಲ್ಕು ತಾಲ್ಲೂಕುಗಳು ಸೇರಿ 1997ರಲ್ಲಿ ಒಂದು ಜಿಲ್ಲೆಯಾದುವು. ಕವಿರಾಜಮಾರ್ಗವು ತಿರುಳ್ಗನ್ನಡದ ನಾಡನ್ನು ಹೇಳುವಾಗ ಕೊಪಣನಗರವನ್ನು ಹೆಸರಿಸುತ್ತದೆ. ಜೈನರಿಗೆ ಅದು ಮಹಾತೀರ್ಥವಾಗಿತ್ತು. ಯಲಬುರ್ಗಾ ಸೀಮೆಯ ಇಟಗಿಯಲ್ಲಿ 1112ರ ಮಹಾದೇವ ದೇವಾಲಯವು ಇಂದಿಗೂ ನಿಂತಿದೆ. ಇಷ್ಟು ಹಿರಿಮೆಯುಳ್ಳ ನಾಡು ಪಟ್ಟ ಕಷ್ಟವೂ ಹಿರಿದೇ. 1790ರಲ್ಲಿ ನಿಜಾಮನ ಮತ್ತು ಇಂಗ್ಲಿಷರ ಸೈನ್ಯಗಳು ಟಿಪ್ಪುವಿನ ವಶದಲ್ಲಿದ್ದ ಕೊಪ್ಪಳದ ಕೋಟೆಯನ್ನು ಮುತ್ತಿ, ಸುಮಾರು ಆರು ತಿಂಗಳು ಅಲ್ಲಿ ಕಾದು ಕುಳಿತುವು. ಅದು ಮುಗಿಯುತ್ತಲೇ 1791-92ರಲ್ಲಿ ಉತ್ತರ ಕರ್ನಾಟಕವನ್ನೆಲ್ಲ ಹಾಳುಮಾಡಿದ ಡೋಗಿ ಬರವು ಬಂದಿತು. ಹೂಳುವವರಿಲ್ಲದೆ ಹೊಲಗಳಲ್ಲಿ ತಲೆಬುರುಡೆಗಳು ಬಿದ್ದಿದ್ದ ಕಾರಣ ಅದಕ್ಕೆ ಆ ಹೆಸರಾಯಿತೆಂದು ಹೇಳುವರು.

ಮತ್ತೆ 1876ರಿಂದ 1878ರವರೆಗೆ, ಧಾತು ಈಶ್ವರ ಸಂವತ್ಸರಗಳಲ್ಲಿ, ದಕ್ಷಿಣ ದೇಶಕ್ಕೆಲ್ಲ ಮಹಾಕ್ಷಾಮವು ಒದಗಿತು. ಮೈಸೂರು ಸಂಸ್ಥಾನದಲ್ಲಿ 1871ರಲ್ಲಿ ಐವತ್ತು ಲಕ್ಷಕ್ಕೆ ಮೀರಿದ್ದ ಜನಸಂಖ್ಯೆಯು 1881ರ ಗಣತಿಯಲ್ಲಿ ನಲವತ್ತೆರಡು ಲಕ್ಷಕ್ಕಿಂತ ಕೆಳಗಿಳಿದಿತ್ತು. ತುಂಗಭದ್ರೆಯ ಆಚೆ ದಡದ ಬಳ್ಳಾರಿಯು ಮದರಾಸು ಆಧಿಪತ್ಯಕ್ಕೆ ಸೇರಿದ್ದಿತು. 1877ರಲ್ಲಿ ಅಲ್ಲಿಗೆ ಬಂದ ಸರ್ ರಿಚರ್ಡ್ ಟೆಂಪಲ್ಲನು, ಕ್ಷಾಮದ ಕಾಮಗಾರಿಯಲ್ಲಿ ದುಡಿಯುವ ಆಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯ ಕೊಳ್ಳುವಷ್ಟು ಕೂಲಿ ಸಾಕೆಂದು ಕಟ್ಟುಮಾಡಿದನು. ನಿಜಾಮರ ಸಂಸ್ಥಾನಕ್ಕೆ ಸೇರಿದ್ದ ಈಚೆ ದಡದಲ್ಲಿಯೂ ಆಕಾಶವು ಬೇರೆಯಾಗಿರಲಿಲ್ಲ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಸಿದ್ಧವಾಗಿ ಗಂಗಾವತಿಯು ಭತ್ತದ ಕಣಜವಾದದ್ದು ಇತ್ತೀಚಿನ ಮಾತು. ಕುಷ್ಟಗಿ ಯಲಬುರ್ಗಾಗಳ ಬಹುಪಾಲು ಹೊಲಗಳು ಇಂದಿಗೂ ಮೋಡವನ್ನೇ ನೋಡುತ್ತವೆ.

ಇಂಥ ಒಣಬೇಸಾಯದ ಸೀಮೆಯ ಒಕ್ಕಲಿನ ಮನೆಯಲ್ಲಿ, ಉಣ್ಣುವ ಜೋಳ ಬೇರೆ, ಬಿತ್ತುವ ಜೋಳ ಬೇರೆ. ಹಗೇವಿನ ಕಾಳು ತೀರಬಹುದು; ಆದರೆ ಬೂದಿ ಬೆರೆಸಿ ಗಡಿಗೆಯಲ್ಲಿಟ್ಟ ಬೀಜದ ಕಾಳನ್ನು ಮುಟ್ಟಕೂಡದು. ಮಕ್ಕಳು ಹಸಿದು ಮಲಗಿರುವ ಮನೆಯ ಮೂಲೆಯಲ್ಲಿ ಆ ಗಡಿಗೆಯು ಬಾಯಿ ಕಟ್ಟಿಕೊಂಡು ಕುಳಿತಿರುತ್ತದೆ. ಮಳೆ ಬಂದೇ ಬರುವುದೆಂದು ಅದನ್ನು ಕಾಯುವ ತಾಯಿಗೆ ಯಾರೂ ಬರೆದುಕೊಟ್ಟಿಲ್ಲ. ಬಾರದಿದ್ದರೆ ಆಕೆಯ ಕಾವಲೆಲ್ಲ ವ್ಯರ್ಥ. ಬಂದ ದಿನ ಕೂರಿಗೆಗೆ ಹಾಕಲು ಕಾಳಿಲ್ಲದಿದ್ದರೆ ಮನೆಯೇ ವ್ಯರ್ಥ. ಈ ಎರಡರ ನಡುವೆ ಕುಳಿತು ಗಡಿಗೆಯನ್ನು ಕಾಯುವುದಕ್ಕೆ ನಾವು ಶ್ರದ್ಧೆಯೆಂದು ಹೆಸರಿಡುತ್ತೇವೆ. ಬೇಡಿದೊಡನೆ ಮಳೆ ಬಂದಿತೆಂದು ಹೇಳುವ ಕಥೆಗೂ, ಮಳೆ ಬರುವುದರೊಳಗೆ ಮನುಷ್ಯನು ಏನನ್ನು ತಿನ್ನದೆ ಉಳಿಸಿಕೊಂಡನೆಂದು ಹೇಳುವ ಕಥೆಗೂ ಬಹು ಅಂತರವುಂಟು. ಇದೇ ನಮ್ಮ ಒರೆಗಲ್ಲು.

ಈ ಒರೆಗಲ್ಲಿಗೆ ಹಚ್ಚಿ ನೋಡತಕ್ಕ ಕಾದಂಬರಿಗಳಲ್ಲಿ ಮೊದಲನೆಯದು ಇಟಲಿಯ ಅಲೆಸ್ಸಾಂದ್ರೊ ಮಾಂಜೋನಿಯು 1827ರಲ್ಲಿ ಪ್ರಕಟಿಸಿ, ಮುಂದೆ 1840ರಿಂದ ತಿದ್ದಿ ಹೊರತಂದ ಕೃತಿ. ಅದರ ಹೆಸರನ್ನು ಕನ್ನಡದಲ್ಲಿ 'ನಿಶ್ಚಯವಾದ ವಧೂವರರು' ಎಂದು ಹೇಳಬಹುದು. ಕಥೆಯ ಕಾಲವು 1628ರಿಂದ 1630. ಸ್ಥಳವು ಆಗ ಸ್ಪೇನಿನ ಆಳಿಕೆಯಲ್ಲಿದ್ದ ಮಿಲಾನಿನ ಸೀಮೆ. ನಾಯಕ ರೆಂಜೋ ರೇಷ್ಮೆಯ ನೂಲು ತೆಗೆಯುವ ಕೆಲಸಗಾರ; ನಾಯಿಕೆ ಲೂಚಿಯಾ ಒಂದು ಹಳ್ಳಿಯ ಬಡಹುಡುಗಿ. ದೋನ್ ರೊದ್ರಿಗೋ ಎಂಬ ದುಷ್ಟ ಜಮೀನುದಾರನೊಬ್ಬನು ಆಕೆಯ ಮೇಲೆ ಕಣ್ಣಿಟ್ಟು, ಮದುವೆ ಮಾಡಿಸಕೂಡದೆಂದು ಊರ ಪಾದ್ರಿಯನ್ನು ಬೆದರಿಸುತ್ತಾನೆ, ಪಾದ್ರಿಯು ಹೆದರಿಕೊಳ್ಳುತ್ತಾನೆ. ಅರಸರನ್ನೂ ಸೇನಾಪತಿಗಳನ್ನೂ ನಾಯಕರನ್ನಾಗಿ ಮಾಡದೆ ಮಾಂಜೋನಿಯು ಈ ಇಬ್ಬರು ಸಣ್ಣವರನ್ನು ಚರಿತ್ರೆಯ ನಡುವೆ ನಿಲ್ಲಿಸಿದನು. ಗವಿಮಠದ ಬಂಡೆಯ ಮಾತು ಇಲ್ಲಿ ನೆನಪಿಗೆ ಬಾರದಿರದು.

ಓಡಿಹೋದ ರೆಂಜೋ ಮಿಲಾನ್ ನಗರವನ್ನು ಮುಟ್ಟುವ ದಿನವೇ ಅಲ್ಲಿ ರೊಟ್ಟಿಗಾಗಿ ದಂಗೆಯೇಳುತ್ತದೆ. ಬೆಳೆ ಕೆಟ್ಟಿದೆ, ಅಧಿಕಾರಿಗಳು ರೊಟ್ಟಿಗೆ ನಡೆಯಲಾರದ ಬೆಲೆಯನ್ನು ಗೊತ್ತುಮಾಡಿದ್ದಾರೆ, ಅಂಗಡಿಯವರು ಕಾಳನ್ನು ಬಚ್ಚಿಟ್ಟಿದ್ದಾರೆಂದು ಜನರು ನಂಬಿದ್ದಾರೆ. ಸಿಟ್ಟಿಗೆದ್ದ ಗುಂಪು ಅಂಗಡಿಗಳನ್ನು ಒಡೆದು, ಹಿಟ್ಟನ್ನು ಬೀದಿಯಲ್ಲಿ ಚೆಲ್ಲಾಡಿ ತುಳಿಯುತ್ತದೆ. ಹಸಿವೆಯು ಜನರನ್ನು ಪವಿತ್ರರನ್ನಾಗಿ ಮಾಡುವುದಿಲ್ಲ, ಬುದ್ಧಿಗೆಡಿಸುತ್ತದೆ ಎಂಬುದನ್ನು ಗ್ರಂಥಕರ್ತನು ಮರೆಮಾಚಿಲ್ಲ. ಅದೇ ನಗರದಲ್ಲಿ ಧರ್ಮಾಧ್ಯಕ್ಷ ಫೆದೆರಿಗೊ ಬೊರೋಮಿಯೋನ ಬಾಗಿಲಲ್ಲಿ ಪ್ರತಿದಿನವೂ ಎರಡು ಸಾವಿರ ಬಟ್ಟಲು ಅಕ್ಕಿಯ ಗಂಜಿಯನ್ನು ಹಂಚುತ್ತಿದ್ದರೆಂದು ಕಾದಂಬರಿಯು ಹೇಳುತ್ತದೆ. ಆತನು ಚರಿತ್ರೆಯಲ್ಲಿ ನಿಜವಾಗಿ ಬದುಕಿದ್ದ ಮನುಷ್ಯ.

ಹಾಗೆಂದು ಮಾಂಜೋನಿಯು ತನ್ನ ಮತದವರ ತಪ್ಪನ್ನು ಮುಚ್ಚಿದನೇ? ಇಲ್ಲ. ಕ್ಷಾಮದ ಬೆನ್ನಿಗೆ ಪ್ಲೇಗು ಬಂದಾಗ, ಸಂತ ಕಾರ್ಲೋನ ಅವಶೇಷಗಳನ್ನು ಮೆರವಣಿಗೆಯಲ್ಲಿ ಹೊರಬೇಕೆಂದು ಜನರು ಹಟ ಹಿಡಿದರು. ಫೆದೆರಿಗೊ ಮೊದಲು ಒಪ್ಪದೆ, ಕಡೆಗೆ ಒಪ್ಪಿದನು. 1630ರ ಜೂನ್ 11ರಂದು ಮೆರವಣಿಗೆ ನಡೆಯಿತು. ಮರುದಿನದಿಂದಲೇ ಸಾವು ಹೆಚ್ಚಿತು. ಜನರು ಒತ್ತಾಗಿ ಸೇರಿದ್ದರಿಂದ ರೋಗವು ಹರಡಿತೆಂದು ಭಕ್ತನಾದ ಈ ಗ್ರಂಥಕರ್ತನೇ ಬರೆಯುತ್ತಾನೆ. ರೋಗದ ಮುಲಾಮನ್ನು ಗೋಡೆಗಳಿಗೆ ಬಳಿದರೆಂಬ ಹುಚ್ಚು ಗುಮಾನಿಯಿಂದ ನಿರಪರಾಧಿಗಳನ್ನು ಹಿಂಸಿಸಿ ಕೊಂದ ನ್ಯಾಯಾಧೀಶರನ್ನು ಕುರಿತು ಆತನು ಬೇರೊಂದು ಪುಸ್ತಕವನ್ನೇ ಬರೆದನು. ಶ್ರದ್ಧೆಯನ್ನು ಮೂಢತೆಯಿಂದ ಬೇರ್ಪಡಿಸಲು ಅಂಜದವನು ಶ್ರದ್ಧೆಯ ಪರವಾಗಿ ಆಡುವ ಮಾತಿಗೆ ತೂಕವುಂಟು.

ಆ ಪುಸ್ತಕದಲ್ಲಿ ಒಂದು ನೋಟವಿದೆ. ಪ್ಲೇಗಿನ ಹೆಣಗಳನ್ನು ತುಂಬಿಕೊಂಡು ಗಾಡಿಗಳು ಬೀದಿಯಲ್ಲಿ ಸಾಗುತ್ತಿವೆ. ಮನೆಯೊಂದರಿಂದ ತಾಯಿಯೊಬ್ಬಳು ಸತ್ತ ಮಗಳನ್ನು ಎತ್ತಿಕೊಂಡು ಹೊರಗೆ ಬರುತ್ತಾಳೆ. ಹುಡುಗಿಗೆ ತಲೆ ಬಾಚಿ, ಹಬ್ಬಕ್ಕೆ ಹೊರಡಿಸಿದಂತೆ ಬಿಳಿಯ ಉಡುಪನ್ನು ಹಾಕಿದ್ದಾಳೆ. ಗಾಡಿಯವನು ಮುಟ್ಟಬಂದಾಗ ತಡೆದು, ತಾನೇ ಮಗಳನ್ನು ಮಲಗಿಸಿ, ಸಂಜೆಗೆ ತನ್ನನ್ನೂ ಉಳಿದ ಮಗುವನ್ನೂ ಒಯ್ಯಲು ಬರಬೇಕೆಂದು ಹೇಳಿ ಒಳಗೆ ಹೋಗುತ್ತಾಳೆ. ಅಲ್ಲಿ ಯಾವ ಪವಾಡವೂ ನಡೆಯುವುದಿಲ್ಲ. ಆಕೆ ಬದುಕುವುದೂ ಇಲ್ಲ. ಆದರೆ ಸಾವು ಆಕೆಯ ಕೈಯಿಂದ ಆ ಕಡೆಯ ಉಪಚಾರವನ್ನು ಕಸಿದುಕೊಳ್ಳಲಾರದೆ ಹೋಯಿತು. ಡೋಗಿ ಬರದ ತಲೆಬುರುಡೆಗಳನ್ನು ನೆನೆಯುವವರಿಗೆ ಇದರ ಬೆಲೆ ತಿಳಿಯುತ್ತದೆ.

ಇನ್ನೊಂದು ಸಂಗತಿ ರೊಟ್ಟಿಯದು. ಕ್ರಿಸ್ತೋಫೊರೊ ಎಂಬ ಸಂನ್ಯಾಸಿಯು ತಾರುಣ್ಯದಲ್ಲಿ ಬೀದಿಯ ಜಗಳದಲ್ಲಿ ಒಬ್ಬನನ್ನು ಕೊಂದವನು. ವೈರಾಗ್ಯದಿಂದ ಮಠವನ್ನು ಸೇರಿ, ಸತ್ತವನ ಅಣ್ಣನ ಮನೆಗೆ ಹೋಗಿ ಕ್ಷಮೆ ಬೇಡುತ್ತಾನೆ. ಕ್ಷಮೆಯ ಗುರುತಾಗಿ ಆ ಮನೆಯ ಒಂದು ರೊಟ್ಟಿಯನ್ನು ಕೇಳಿ ಪಡೆಯುತ್ತಾನೆ. ಅದರ ತುಂಡೊಂದನ್ನು ಬದುಕೆಲ್ಲ ಕಾಪಾಡಿಕೊಳ್ಳುತ್ತಾನೆ. ಪ್ಲೇಗಿನ ಆಸ್ಪತ್ರೆಯಲ್ಲಿ ರೋಗಿಗಳ ಸೇವೆ ಮಾಡುತ್ತ ತಾನೇ ಸಾಯಲಿರುವಾಗ, ತನಗೆ ದ್ರೋಹ ಬಗೆದ ರೊದ್ರಿಗೋ ಪ್ರಜ್ಞೆಯಿಲ್ಲದೆ ಬಿದ್ದಿರುವುದನ್ನು ರೆಂಜೋಗೆ ತೋರಿಸಿ, ಆತನನ್ನು ಮನ್ನಿಸೆಂದು ಹೇಳುತ್ತಾನೆ. ಆಮೇಲೆ ಆ ತುಂಡನ್ನು ವಧೂವರರ ಕೈಗಿತ್ತು, ಮುಂದೆ ಮಕ್ಕಳಿಗೆ ತೋರಿಸಬೇಕೆಂದೂ, ಅವರಿಗೆ ಕ್ಷಮೆಯನ್ನು ಕಲಿಸಬೇಕೆಂದೂ ಅಪ್ಪಣೆ ಮಾಡುತ್ತಾನೆ. ಕ್ಷಾಮದ ಕಥೆಯಲ್ಲಿ ತಿನ್ನದೆ ಉಳಿಸಿದ ಒಂದೇ ರೊಟ್ಟಿ ಅದು. ನಮ್ಮ ಸೀಮೆಯ ತಾಯಿಯು ಕಾದ ಗಡಿಗೆಗೂ ಈ ತುಂಡಿಗೂ ನೆಂಟಸ್ತಿಕೆಯುಂಟೆಂದು ನಾವು ಹೇಳಿದರೆ ತಾವು ಒಪ್ಪುವಿರೆಂದು ನಂಬುತ್ತೇವೆ.

ಈಗ ಒಂದು ಆಕ್ಷೇಪಣೆಯನ್ನು ಎದುರಿಸಬೇಕು. ನಮ್ಮ ದೇಶದಲ್ಲಿ ಕ್ಷಾಮ ಮತ್ತು ಕ್ರೈಸ್ತ ಶ್ರದ್ಧೆ ಎಂದೊಡನೆ, ಹಸಿದವನು ದೇವರಿಗಾಗಿ ಬಂದನೋ ಗಂಜಿಗಾಗಿ ಬಂದನೋ ಎಂದು ಕೇಳುವವರುಂಟು. ಪ್ರಶ್ನೆಯು ಕಠಿನವಾದರೂ ನ್ಯಾಯವಾದದ್ದೇ. ಮಹಾಕ್ಷಾಮದಲ್ಲಿ ಮಿಷನ್ನುಗಳು ಗಂಜಿಯನ್ನು ಹಂಚಿದುವು, ತಬ್ಬಲಿ ಮಕ್ಕಳನ್ನು ಸಾಕಿದುವು. ಆ ಕಾಲದಲ್ಲಿ ಬಹುಮಂದಿ ಆ ಮತವನ್ನೂ ಸೇರಿದರು. ತೆಲುಗು ನಾಡಿನ ಓಂಗೋಲಿನಲ್ಲಿದ್ದ ಜಾನ್ ಕ್ಲಫ್ ಎಂಬ ಅಮೆರಿಕದ ಪಾದ್ರಿಗೆ ಈ ಪ್ರಶ್ನೆಯ ಕಾವು ತಗಲಿತ್ತು. ಆತನು ಬಕಿಂಗ್‌ಹ್ಯಾಮ್ ಕಾಲುವೆಯ ಒಂದು ಭಾಗವನ್ನು ಅಗೆಯಿಸುವ ಗುತ್ತಿಗೆಯನ್ನು ಹಿಡಿದು ಹಸಿದವರಿಗೆ ಕೂಲಿ ಒದಗಿಸಿದನು. ಆದರೆ ರೊಟ್ಟಿಯ ಆಸೆಯಿಂದ ಯಾರೂ ಬರಬಾರದೆಂದು, ಕ್ಷಾಮವಿರುವವರೆಗೆ ದೀಕ್ಷಾಸ್ನಾನವನ್ನೇ ನಿಲ್ಲಿಸಿದನು. ಕ್ಷಾಮವು ತಗ್ಗಿ, ಸಹಾಯವು ನಿಂತ ಮೇಲೆ, 1878ರ ಜುಲೈ 3ರ ಒಂದೇ ದಿನದಲ್ಲಿ 2,222 ಮಂದಿ ದೀಕ್ಷೆಯನ್ನು ಪಡೆದರು.

ಈ ಸಂಗತಿಯಿಂದ ಎಲ್ಲ ಸಂಶಯವೂ ತೀರಿತೆಂದು ನಾವು ಹೇಳುವುದಿಲ್ಲ. ಬಡವನ ಅಂತರಂಗದಲ್ಲಿ ಅನ್ನದ ನೆನಪೂ ದೇವರ ನೆನಪೂ ಬೇರೆ ಬೇರೆ ಗೂಡುಗಳಲ್ಲಿ ಇರುವುದಿಲ್ಲ. ಸಾಯುತ್ತಿದ್ದಾಗ ಕೈ ಹಿಡಿದವನ ದೇವರು ತನಗೂ ದೇವರಾಗಲೆಂದು ಒಬ್ಬನು ಬಗೆದರೆ, ಅದನ್ನು ಬರಿಯ ವ್ಯಾಪಾರವೆಂದು ಕರೆಯಲಾದೀತೇ? ಕೊಪ್ಪಳದ ಗವಿಮಠದ ಜಾತ್ರೆಯ ದಾಸೋಹವನ್ನು ಕಂಡವರು ಇನ್ನೊಂದು ಮಾತನ್ನು ಬಲ್ಲರು: ಪಂಕ್ತಿಯಲ್ಲಿ ಕುಳಿತವನ ಭಕ್ತಿಯನ್ನು ಅಳೆದು ಯಾರೂ ಬಡಿಸುವುದಿಲ್ಲ. ಆದುದರಿಂದ ಕ್ಷಾಮದಲ್ಲಿ ಪರೀಕ್ಷೆಯಾಗತಕ್ಕದ್ದು ಉಣ್ಣುವವನ ಶ್ರದ್ಧೆಗಿಂತ ಮೊದಲು ಬಡಿಸುವವನ ಶ್ರದ್ಧೆ. ಈ ಪ್ರಶ್ನೆಯನ್ನು ಬದಿಗೊತ್ತುವ ಕಾದಂಬರಿಯು ಪ್ರಚಾರದ ಪುಸ್ತಕವಾದೀತು. ಅದನ್ನು ಎದೆಗೊಟ್ಟು ಎದುರಿಸುವ ಕಾದಂಬರಿಯು ಸಾಹಿತ್ಯವಾಗುವುದು.

ಎಲ್ಲ ಕಾದಂಬರಿಗಳೂ ಒಂದೇ ತೂಕದವಲ್ಲ. ಪೋಲೆಂಡಿನ ಸಿಯೆನ್ಕಿಯೆವಿಚ್ ಎಂಬುವನು 1896ರಲ್ಲಿ ಪುಸ್ತಕರೂಪದಲ್ಲಿ ಹೊರತಂದ 'ಕ್ವೋ ವಾದಿಸ್' ಲೋಕಪ್ರಸಿದ್ಧವಾದದ್ದು. ನೀರೋ ಚಕ್ರವರ್ತಿಯ ಕಾಲದಲ್ಲಿ ಕ್ರಿ.ಶ. 64ರಲ್ಲಿ ರೋಮ್ ನಗರವು ಉರಿದುದೂ, ಕ್ರೈಸ್ತರು ಹಿಂಸೆಗೆ ಗುರಿಯಾದುದೂ ಅದರ ವಸ್ತು. ಮಹಾಬಲಶಾಲಿಯೊಬ್ಬನು ಕಣದಲ್ಲಿ ಕಾಡುಗೂಳಿಯ ಕತ್ತನ್ನು ಮುರಿದು ನಾಯಿಕೆಯನ್ನು ಉಳಿಸುವ ಭಾಗವನ್ನು ಓದುವಾಗ ಮೈ ನವಿರೇಳುತ್ತದೆ. ಆದರೆ ಪುಸ್ತಕವನ್ನು ಮುಚ್ಚಿದ ಮೇಲೆ ಉಳಿಯುವುದು ಬೇರೆಯ ನೋಟ. ನಗರವನ್ನು ಬಿಟ್ಟು ಓಡುತ್ತಿದ್ದ ಮುದುಕ ಪೇತ್ರನು ದಾರಿಯಲ್ಲಿ ತನ್ನ ಸ್ವಾಮಿಯನ್ನು ಕಂಡು, ತಿರುಗಿ ಅದೇ ನಗರಕ್ಕೆ, ಅಂದರೆ ಮರಣಕ್ಕೆ, ನಡೆದು ಹೋಗುವುದು. ಗೂಳಿಯ ಕಾಳಗದಲ್ಲಿ ಶ್ರದ್ಧೆಗೆ ಬಹುಮಾನ ಸಿಕ್ಕಿತು. ಪೇತ್ರನ ನಡಿಗೆಯಲ್ಲಿ ಶ್ರದ್ಧೆಯೇ ಕಾಣಿಸಿತು. ರಾಜ್ಯವನ್ನು ಕಳೆದುಕೊಂಡು ಮೂರು ಸಾಮ್ರಾಜ್ಯಗಳ ಕೈಗೆ ಹಂಚಿಹೋಗಿದ್ದ ಪೋಲಿಷ್ ಜನರಿಗೆ ಯಾವುದು ಹೆಚ್ಚು ಧೈರ್ಯ ಕೊಟ್ಟಿತೆಂದು ಊಹಿಸುವುದು ಕಷ್ಟವಲ್ಲ.

ಇನ್ನು ಕನ್ನಡ ನಾಡಿಗೆ ಬರೋಣ. ತುಂಗಭದ್ರೆಯ ಆಚೆಯ ಬಳ್ಳಾರಿಗೆ 1810ರಲ್ಲಿ ಬಂದ ಜಾನ್ ಹ್ಯಾಂಡ್ಸ್ ಎಂಬ ಲಂಡನ್ ಮಿಷನ್ನಿನ ಪಾದ್ರಿಯು ಬೈಬಲನ್ನು ಕನ್ನಡಿಸುವ ಕಾರ್ಯಕ್ಕೆ ಕೈಹಾಕಿದನು. ಕನ್ನಡದ ಮೊದಲ ಪತ್ರಿಕೆಯಾದ 1843ರ 'ಮಂಗಳೂರ ಸಮಾಚಾರ'ವು ಮರುವರ್ಷ ಹೆಸರು ಬದಲಿಸಿಕೊಂಡು ಬಳ್ಳಾರಿಯಲ್ಲಿಯೇ ಅಚ್ಚಾಯಿತು. ಅದೇ ಶತಮಾನದ ನಡುಭಾಗದಲ್ಲಿ ಬಾಸೆಲ್ ಮಿಷನ್ನಿನವರು ಬನಿಯನ್ನನ ಕಥೆಯನ್ನು 'ಯಾತ್ರಿಕನ ಸಂಚಾರ'ವೆಂದು ಕನ್ನಡಕ್ಕೆ ತಂದರು. ಬನಿಯನ್ ಪಾತ್ರೆಗಳಿಗೆ ಬೆಸುಗೆ ಹಾಕಿ ಬದುಕಿದ ಸಣ್ಣ ಮನುಷ್ಯ; ಅಪ್ಪಣೆಯಿಲ್ಲದೆ ಧರ್ಮೋಪದೇಶ ಮಾಡಿದನೆಂದು 1660ರಿಂದ ಹನ್ನೆರಡು ವರ್ಷ ಸೆರೆಯಲ್ಲಿದ್ದವನು. ಆತನ ಯಾತ್ರಿಕನು ಸಂಶಯವೆಂಬ ಕೋಟೆಯಲ್ಲಿ ಸಿಕ್ಕಿ, ಬಿಡುಗಡೆಯ ಬೀಗದಕೈಯು ಮೊದಲಿನಿಂದಲೂ ತನ್ನ ಎದೆಯ ಬಳಿಯೇ ಇದ್ದುದನ್ನು ತಡವಾಗಿ ಕಂಡುಕೊಳ್ಳುತ್ತಾನೆ. ಅದು ರೂಪಕದ ಕಥೆ, ಚರಿತ್ರೆಯಲ್ಲ. ಆದರೂ ಬರೆದವನ ಸೆರೆಮನೆಯು ಚರಿತ್ರೆಯೇ.

ಚರಿತ್ರೆಯ ಸೆರೆಯನ್ನು ಕುರಿತ ಕಥೆಗಳೂ ನಮ್ಮ ನಾಡಿನಲ್ಲಿವೆ. 1784ರಲ್ಲಿ ಟಿಪ್ಪು ಸುಲ್ತಾನನ ಅಪ್ಪಣೆಯಂತೆ ಕೆನರಾ ಸೀಮೆಯ ಕ್ರೈಸ್ತರನ್ನು ಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದರು; 1799ರಲ್ಲಿ ಪಟ್ಟಣವು ಬಿದ್ದ ಮೇಲೆ ಉಳಿದವರು ಊರಿಗೆ ಮರಳಿದರು. ಮಂಗಳೂರಿನ ವಿ. ಜೆ. ಪಿ. ಸಲ್ಡಾನ್ಹಾ ಅವರು ಈ ಸೆರೆವಾಸವನ್ನು ವಸ್ತುವಾಗಿ ತೆಗೆದುಕೊಂಡು ಕೊಂಕಣಿಯಲ್ಲಿ ಚಾರಿತ್ರಿಕ ಕಾದಂಬರಿಗಳನ್ನು ಬರೆದರು. ಇಂಥ ವಸ್ತುವನ್ನು ಹಿಡಿದವರಿಗೆಲ್ಲ ಒಂದು ಗಂಡಾಂತರವುಂಟು. ಅಜ್ಜಂದಿರ ನೋವನ್ನು ಹೇಳುತ್ತ ಹೇಳುತ್ತ, ಅದನ್ನು ಮೊಮ್ಮಕ್ಕಳ ವೈರವನ್ನಾಗಿ ಮಾಡಿಬಿಡಬಹುದು. ನೋವನ್ನು ಮರೆಯುವುದೂ ತಪ್ಪು. ಅದನ್ನು ಬಡ್ಡಿಗೆ ಬಿಡುವುದೂ ತಪ್ಪು. ಕ್ರಿಸ್ತೋಫೊರೊವಿನ ರೊಟ್ಟಿಯ ತುಂಡನ್ನು ಇಂಥ ಕಥೆ ಬರೆಯುವವರು ಮೇಜಿನ ಮೇಲೆ ಇಟ್ಟುಕೊಳ್ಳುವುದು ಮೇಲು.

ಕನ್ನಡದಲ್ಲಿಯೇ ಸಾಗರದ ನಾ. ಡಿಸೋಜ ಅವರು 'ಇಗರ್ಜಿಯ ಸುತ್ತಲಿನ ಹತ್ತು ಮನೆಗಳು' ಎಂಬ ಕಾದಂಬರಿಯಲ್ಲಿ, ಬದುಕನ್ನು ಅರಸಿ ಮಲೆನಾಡಿಗೆ ಬಂದ ಬಡ ಕ್ರೈಸ್ತರ ಸಂಸಾರಗಳನ್ನು ಚಿತ್ರಿಸಿದರು. ಅವರು 2025ರ ಜನವರಿಯಲ್ಲಿ ತೀರಿಕೊಂಡರು. ಅಲ್ಲಿ ಕತ್ತಿಯಿಲ್ಲ, ಕಣದ ಗೂಳಿಯಿಲ್ಲ. ಇಗರ್ಜಿಯೊಂದರ ಆಸರೆಯಲ್ಲಿ ಸಣ್ಣವರು ನಡೆಸಿದ ಬಾಳುವೆಯಿದೆ. ಸಾಹಸವೆಂದರೆ ಇದೂ ಒಂದು ಸಾಹಸವೇ.

ಕುಷ್ಟಗಿಯ ಈಶಾನ್ಯಕ್ಕಿರುವ ಮುದಗಲ್ಲಿನಲ್ಲಿ ಹದಿನಾರನೆಯ ಶತಮಾನದಷ್ಟು ಹಳೆಯದೆಂದು ಹೇಳುವ ಕ್ರೈಸ್ತರ ವಸತಿಯೊಂದುಂಟು. ವಿಜಯನಗರಕ್ಕೂ ಬಿಜಾಪುರಕ್ಕೂ ಕದನಭೂಮಿಯಾಗಿದ್ದ ರಾಯಚೂರು ದೋಆಬಿನ ನಡುವೆ, ಕೋಟೆಯ ಬಾವುಟವು ಬದಲಾಗುತ್ತಿದ್ದಂತೆ, ಕನ್ನಡ ಮಾತಾಡುವ ನೆರೆಹೊರೆಯೊಡನೆ, ಅದೇ ಜೋಳದ ರೊಟ್ಟಿಯನ್ನು ತಿಂದು, ಅದೇ ಮುಗಿಲನ್ನು ನೋಡುತ್ತ ಅವರು ಬಾಳಿದರು. ಡೋಗಿ ಬರದಲ್ಲಿ ಅಲ್ಲಿಯ ತಾಯಿಯೊಬ್ಬಳು ಕಾದ ಬೀಜದ ಗಡಿಗೆಗೂ, ಪಕ್ಕದ ಓಣಿಯ ಶಿವಭಕ್ತಳು ಕಾದ ಗಡಿಗೆಗೂ ಹೊರಗಿನಿಂದ ಯಾವ ವ್ಯತ್ಯಾಸವೂ ಕಾಣುತ್ತಿರಲಿಲ್ಲ. ಒಬ್ಬಳ ಗಡಿಗೆ ಬರಿದಾದಾಗ ಇನ್ನೊಬ್ಬಳು ತನ್ನದರಿಂದ ಒಂದು ಬೊಗಸೆಯನ್ನು ಸೆರಗಿಗೆ ಹಾಕಿದಳೇ? ಚರಿತ್ರೆಯ ಕಡತಗಳಲ್ಲಿ ಇಂಥ ಬೊಗಸೆಗಳ ಲೆಕ್ಕವಿರುವುದಿಲ್ಲ. ಅದನ್ನು ಹೇಳುವುದಕ್ಕಾಗಿಯೇ ಕಾದಂಬರಿಯಿರುವುದು.

ಆದುದರಿಂದ, ಶ್ರೋತೃಗಳೇ, ಮುಂದೆ ಇಂಥ ಒಂದು ಕಾದಂಬರಿಯು ತಮ್ಮ ಕೈಗೆ ಬಂದಾಗ, ಕಥೆಯ ಕಡೆಯಲ್ಲಿ ಮಳೆ ಬಂದಿತೇ ಎಂದು ಮಾತ್ರ ನೋಡಬೇಡಿರಿ. ಮಳೆ ಬಾರದ ಅಷ್ಟು ಪುಟಗಳಲ್ಲಿ ಗಡಿಗೆಯ ಬಾಯಿಯನ್ನು ಯಾರು ಬಿಚ್ಚಲಿಲ್ಲ, ಬಿಚ್ಚಿದ್ದರೆ ಯಾರಿಗಾಗಿ ಬಿಚ್ಚಿದರು ಎಂದು ನೋಡಿರಿ.